ಮೂರು ಸಹಿ ಆಗದೆ ಏನೂ ಆಚೆ ಹೋಗಲ್ಲ

ಹಿಡಿ ಮುರಿದ ಮಿಕ್ಸಿ ಜಾರಿಗೆ ನಟರಾಜರು ದಾರ ಕಟ್ಟಿ ಒಂದು ಚೀಟಿ ತೂಗುಹಾಕಿದ ದಿನವೇ ಪ್ರೇಮಮ್ಮನಿಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ಗಂಡ ಕೊನೆಗೂ ಮನೆ ಖಾಲಿ ಮಾಡುವ ಕೆಲಸಕ್ಕೆ ಕೈಹಾಕಿದರಲ್ಲ ಎಂದು ಖುಷಿಪಟ್ಟು ಅವತ್ತು ರವೆ ಇಡ್ಲಿ ಬೇರೆ ಮಾಡಿ ಬಡಿಸಿಬಿಟ್ಟರು.

ಮಾರನೆಯ ದಿನ ನೋಡಿದರೆ ಅಡುಗೆಮನೆ ತುಂಬ ಚೀಟಿ. ಸಾಸಿವೆ ಡಬ್ಬಿಗೆ ಚೀಟಿ, ಚಪಾತಿ ಮಣೆಗೆ ಚೀಟಿ, ತಳ ಸೀದುಹೋದ ಬಾಣಲೆಗೂ ಚೀಟಿ. ಬಿಳಿಯದಾದರೆ ಕೊಚ್ಚಿಗೆ ಹೋಗುವ ಸಾಮಾನು. ಕೆಂಪಾದರೆ ಕಂಡಂ, ಅಂದರೆ ಗುಜರಿಗೆ. ಹಳದಿಯಾದರೆ ಹೋಲ್ಡ್, ತೀರ್ಮಾನ ಆಗುವ ತನಕ ಯಾರೂ ಅಲುಗಾಡಿಸುವಂತಿಲ್ಲ.

“ಕಂಡಂ ಮಾಡೋಕೆ ಕಮಿಟಿ ಬೇಕು,” ಎಂದರು ನಟರಾಜರು, ನೀಲಿ ರಟ್ಟಿನ ದಪ್ಪ ರಿಜಿಸ್ಟರ್ ಬಿಡಿಸುತ್ತ. “ಮೂರು ಜನ. ನೀನು, ನಾನು, ವಿಕಾಸ. ಮೂರು ಸಹಿ ಬಿದ್ದಮೇಲೇನೇ ಸಾಮಾನು ಗೇಟು ದಾಟೋದು.”

“ಹಿಡಿ ಮುರಿದ ಜಾರಿಗೂ ಕಮಿಟಿನಾ?”

“ನಮ್ಮಲ್ಲಿ ಒಂದು ಸ್ಕ್ರೂಡ್ರೈವರಿಗೂ ಕಮಿಟಿ ಕೂರ್ತಿತ್ತು.”

“ಅದು ಸರ್ಕಾರದ್ದು. ಇದು ನಮ್ಮಮ್ಮ ಕೊಡ್ಸಿದ್ದು ರೀ.”

“ಹಾಗಾದ್ರೆ ‘ಎಲ್ಲಿಂದ ಬಂತು’ ಅನ್ನೋ ಕಾಲಂನಲ್ಲಿ ಅತ್ತೆ ಹೆಸರು ಹಾಕ್ತೀನಿ,” ಎಂದು ಹಾಕಿಯೇಬಿಟ್ಟರು.

ನಟರಾಜರು ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ ಮೂವತ್ತನಾಲ್ಕು ವರ್ಷ ಕ್ವಾಲಿಟಿ ವಿಭಾಗದಲ್ಲಿದ್ದವರು. ಮೈಸೂರಿನಿಂದ ಹೊಸ ಹೆಂಡತಿಯನ್ನು ಕರೆದುಕೊಂಡು ಬಂದವರು ಇಲ್ಲೇ ಉಳಿದರು. ಅವರ ಕೆಲಸವೇ ನಟ್ಟು, ಬೋಲ್ಟು, ವಾಲ್ವುಗಳನ್ನು ನೋಡಿ ಇದು ಸರಿ, ಇದು ಸರಿಯಿಲ್ಲ ಎಂದು ಬರೆಯುವುದು. ಬರೆದರೆ ಮುಗಿಯಿತು, ಬ್ರಹ್ಮ ಬಂದರೂ ತಿದ್ದುತ್ತಿರಲಿಲ್ಲ. ಒಮ್ಮೆ ತಾವೇ ಒಂದು ವಾಲ್ವನ್ನು ತಪ್ಪು ಪಾಸು ಮಾಡಿದ್ದು ಮಾರನೆಯ ದಿನ ಗೊತ್ತಾಯಿತು. ಬೇರೆ ಯಾರಾದರೂ ಆಗಿದ್ದರೆ ಸದ್ದಿಲ್ಲದೆ ಬದಲಾಯಿಸುತ್ತಿದ್ದರು. ಈ ಮಹಾನುಭಾವರು ಕೆಂಪು ಶಾಯಿಯಲ್ಲಿ ‘ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿ, ಮೂರು ವರ್ಷ ಬಡ್ತಿ ಕಳೆದುಕೊಂಡು ಮನೆಗೆ ಬಂದು ನೆಮ್ಮದಿಯಾಗಿ ಅನ್ನ ಸಾರು ಉಂಡರು. ಆವತ್ತು ಉಪವಾಸ ಮಲಗಿದ್ದು ಪ್ರೇಮಮ್ಮ.

ಮನೆ ಅದೇ ಊರಿನ ಶ್ರೀಕಾರ್ಯಂನ ಇಳಿಜಾರಿನಲ್ಲಿತ್ತು. ರಸ್ತೆ ಮೇಲೆ, ಹಿತ್ತಿಲು ಕೆಳಗೆ. ಗೇಟು, ಹಾಲ್, ನಟರಾಜರ ಕೋಣೆ ಮೇಲಿನ ಅಂತಸ್ತಿನಲ್ಲಿ. ಅಡುಗೆಮನೆ, ಮಲಗುವ ಕೋಣೆ ಕೆಳಗೆ. ನಡುವೆ ಹದಿನಾರು ಮೆಟ್ಟಿಲು. ಬೆಳಿಗ್ಗೆ ಒಂದು ಕಾಫಿ, ಸಂಜೆ ಒಂದು ಕಾಫಿ, ಹೀಗೆ ಮೂವತ್ತೊಂದು ವರ್ಷದಿಂದ ಪ್ರೇಮಮ್ಮ ಮೇಲಕ್ಕೆ ಹೊತ್ತಿದ್ದರು. ಈಗ ಎರಡೂ ಮಂಡಿ ಹೋಗಿದ್ದವು. ಡಾಕ್ಟರು ಎಕ್ಸ್‌ರೇ ನೋಡಿ, “ಮಾತ್ರೆ ಆಮೇಲೆ. ಮೊದಲು ಮೆಟ್ಟಿಲು ಬಿಡಿ ಅಮ್ಮಾ,” ಎಂದಿದ್ದರು.

ಮೆಟ್ಟಿಲು ಬಿಡಬೇಕೆಂದರೆ ಮನೆ ಬಿಡಬೇಕು. ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಮಗಳು ಅಪರ್ಣಾ ಇರುವ ಕಟ್ಟಡದಲ್ಲೇ ಮೂರನೆಯ ಮಹಡಿಯ ಫ್ಲ್ಯಾಟು ಮಾರಾಟಕ್ಕೆ ಬಂದಿತ್ತು. ಲಿಫ್ಟು ಇತ್ತು. ಪ್ರೇಮಮ್ಮ ಆ ಫ್ಲ್ಯಾಟು ನೋಡಲು ಹೋದಾಗ ಅಡುಗೆಮನೆ, ಬಚ್ಚಲು ಯಾವುದನ್ನೂ ಸರಿಯಾಗಿ ನೋಡಿರಲಿಲ್ಲ. ಲಿಫ್ಟಿನಲ್ಲಿ ಸುಮ್ಮನೆ ನಾಲ್ಕು ಸಲ ಮೇಲೆ ಕೆಳಗೆ ಹೋಗಿ ಬಂದಿದ್ದರು. ಅದರ ಮಾಲೀಕ ಈ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದ. ಶ್ರೀಕಾರ್ಯಂನ ಮನೆ ಕೊಳ್ಳುವವಳು ಗ್ರೇಸಿ, ಕುವೈತಿನಲ್ಲಿ ನರ್ಸಾಗಿದ್ದು ವಾಪಸು ಬಂದವಳು. ಇಪ್ಪತ್ತೆಂಟಕ್ಕೆ ರಿಜಿಸ್ಟ್ರೇಷನ್ನು. ಅಷ್ಟರಲ್ಲಿ ಮನೆ ಖಾಲಿಯಾಗಬೇಕು. ಇಲ್ಲಿಯ ಸಹಿ ತಪ್ಪಿದರೆ ಅಲ್ಲಿಯ ಲಿಫ್ಟು ಕೈತಪ್ಪಿದಂತೆಯೇ.

ಮೊದಲ ವಾರದಲ್ಲಿ ಮನೆಯಿಂದ ಆಚೆ ಹೋಗಿದ್ದು ಒಂದು ಬಕೆಟ್ಟು.

ಗುಜರಿಯವನು ಅಶ್ರಫ್. ಮಂಜೇಶ್ವರದ ಕಡೆಯವನು, ಕನ್ನಡ ಬಲ್ಲವನು. ಪ್ರೇಮಮ್ಮ ಫೋನು ಮಾಡಿ ದೊಡ್ಡ ಗಾಡಿಯನ್ನೇ ತರಿಸಿದ್ದರು. ಅವನು ಬಕೆಟ್ಟು ಹಿಡಿದುಕೊಂಡು ಗೇಟಿನಲ್ಲಿ ನಿಂತ.

“ಎಂತ ಅಮ್ಮಾ ಇದು? ಗಾಡಿ ತಾ ಅಂತ ಹೇಳಿ ಒಂದು ಬಾಲ್ದಿ ಕೊಡೂದಾ? ಡೀಸೆಲಿಗೂ ಆಗ್ಲಿಕ್ಕಿಲ್ಲ.”

“ಉಳಿದಿದ್ದಕ್ಕೆ ಇನ್ನೂ ಒಂದೊಂದು ಸಹಿ ಬಾಕಿ ಇದೆಯಂತಪ್ಪ.”

ಅಶ್ರಫ್ ಬಕೆಟ್ಟಿಗೆ ಕಟ್ಟಿದ್ದ ಕೆಂಪು ಚೀಟಿಯನ್ನು ತಿರುಗಿಸಿ ತಿರುಗಿಸಿ ಓದಿದ. ಕೊಂಡ ವರ್ಷ, ಬಣ್ಣ, ಸೀಳು ಎಷ್ಟು ಉದ್ದ, ಎಲ್ಲ ಇತ್ತು. “ಇಪ್ಪತ್ತು ವರ್ಷ ಆಯ್ತು ನಾನು ಈ ಕೆಲಸಕ್ಕೆ ಬಿದ್ದು. ಸಾಮಾನಿಗೆ ಜಾತಕ ಬರ್ದದ್ದು ಇದೇ ಫಸ್ಟ್ ನೋಡೂದು ಮಾರಾಯ್ರೇ.”

ಬಾಕಿಯಿದ್ದ ಸಹಿ ಮಗ ವಿಕಾಸನದು. ಅವನು ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸ ಮಾಡಿ ಅಲ್ಲೇ ಫ್ಲ್ಯಾಟು ಹಿಡಿದಿದ್ದ. ಭಾನುವಾರ ಬೈಕಿನಲ್ಲಿ ಬಂದು, ಅಮ್ಮನ ಕೈಯ ಬಿಸಿಬೇಳೆಬಾತು ತಿಂದು, ಓದದೆ ಸಹಿ ಹಾಕಲು ಕೂತರೆ ಅಪ್ಪ ಬಿಡುತ್ತಿರಲಿಲ್ಲ. ಸಾಮಾನು ಕಣ್ಣಾರೆ ನೋಡಬೇಕು, ಆಮೇಲೆ ಸಹಿ. ಹಳೆಯ ಪೇಪರಿನ ಕಟ್ಟುಗಳನ್ನು ಒಂದೊಂದಾಗಿ ತೋರಿಸತೊಡಗಿದಾಗ ಹುಡುಗ ತಲೆ ಹಿಡಿದುಕೊಂಡ.

“ಮದಿ ಅಪ್ಪ, ಮದಿ,” ಎಂದ. ಅವನಿಗೆ ಸಿಟ್ಟು ಬಂದರೆ ‘ಸಾಕು’ ಎನ್ನುವುದೂ ಮಲಯಾಳದಲ್ಲೇ ಬರುತ್ತಿತ್ತು.

“ಏನಂದ?” ಎಂದು ನಟರಾಜರು ಹೆಂಡತಿಯ ಮುಖ ನೋಡಿದರು. ಮೂವತ್ತೆಂಟು ವರ್ಷ ಕೇರಳದ ನೀರು ಕುಡಿದು ಅಷ್ಟೂ ಕಲಿತಿರಲಿಲ್ಲ. ಆಫೀಸಿನಲ್ಲಿ ಇಂಗ್ಲಿಷು, ಮನೆಯಲ್ಲಿ ಕನ್ನಡ. ಮೀನಿನವಳನ್ನು ನಮಗೆ ಬೇಡ ಎಂದು ಕಳಿಸುವುದರಿಂದ ಹಿಡಿದು ಪ್ಲಂಬರಿನೊಡನೆ ಜಗಳದವರೆಗೆ ಮಲಯಾಳದ ವ್ಯವಹಾರವೆಲ್ಲ ಪ್ರೇಮಮ್ಮನದು.

“ನೀವು ಬಹಳ ಚೆನ್ನಾಗಿ ಮಾಡ್ತಿದ್ದೀರಂತೆ,” ಎಂದರು ಪ್ರೇಮಮ್ಮ.

ಎರಡನೆಯ ವಾರ ತೇಗದ ಮಂಚದ ಸರದಿ ಬಂತು. ಅದು ಲಿಫ್ಟಿನಲ್ಲಿ ಹಿಡಿಸುವುದಿಲ್ಲ, ಕಂಡಂ ಎಂದು ಪ್ರೇಮಮ್ಮ ಬರೆಸಲು ಹೊರಟರು.

“ಅದು ಬೇಡ ಅಮ್ಮ. ನಮಗೆ ಇರ್ಲಿ,” ಎಂದ ವಿಕಾಸ.

“ನಮಗೆ ಅಂದ್ರೆ? ನೀನೊಬ್ಬನೇ ಅಲ್ವಾ ಇರೋದು?”

ವಿಕಾಸ ಮಂಚದ ಕಾಲನ್ನು ಕಾಲ ಬೆರಳಿನಿಂದ ತಳ್ಳಿದ. “ಜೀವಿತಾ ಗೊತ್ತಲ್ಲ ನಿಂಗೆ. ಓಣಂಗೆ ಬಂದಿದ್ಲಲ್ಲ, ಪುತ್ತೂರಿನವಳು.”

“ನನ್ನ ಸಾಂಬಾರಿಗೆ ತೆಂಗಿನಕಾಯಿ ಸಾಲ್ದು ಅಂದವಳಾ?”

“ಅವಳೇ. ರಿಜಿಸ್ಟರ್ ಮದುವೆಗೆ ನೋಟಿಸ್ ಕೊಟ್ಟಿದೀವಿ. ಮುಂದಿನ ತಿಂಗಳು.”

ಪ್ರೇಮಮ್ಮ ಮಂಚದ ಮೇಲೆಯೇ ಕೂತುಬಿಟ್ಟರು. ಮೂವತ್ತಮೂರು ತುಂಬಿದ ಮಗ ಮದುವೆ ಎನ್ನುತ್ತಿದ್ದಾನೆ. ಸಂತೋಷಪಡಬೇಕೋ, ನನಗೆ ಹೇಳುವುದಕ್ಕೆ ಮಂಚ ಗುಜರಿಗೆ ಹೋಗುವವರೆಗೆ ಕಾಯಬೇಕಿತ್ತೇನೋ ಎಂದು ಬೈಯಬೇಕೋ ತೋಚಲಿಲ್ಲ. ಗಂಡನ ಕಡೆ ತಿರುಗಿದರೆ, ಅವರು ಪೆನ್ನಿನ ಮುಚ್ಚಳ ತೆಗೆದಿದ್ದರು.

“ಜೀವಿತಾ, ಇನಿಷಿಯಲ್ ಏನು?”

“ಮಗ ಮದುವೆ ಅಂತಿದಾನೆ ರೀ! ಇನಿಷಿಯಲ್ ಕೇಳ್ತೀರಲ್ಲ!”

“ಮಂಚ ಯಾರಿಗೆ ಹೋಗುತ್ತೆ ಅಂತ ಬರೀಬೇಡ್ವಾ? ಪಡ್ಕೊಳ್ಳೋರ ಸಹಿನೂ ಬೇಕು.”

“ಹುಡುಗಿ ನಮ್ಮನೆಗೆ ಬಂದು ಹಾಕೋ ಮೊದಲ ಸಹಿ ಮಂಚಕ್ಕಾ? ನಾಚಿಕೆ ಆಗಲ್ವಾ ನಿಮಗೆ?”

ಆಗಲಿಲ್ಲ. ಮುಂದಿನ ಭಾನುವಾರ ಜೀವಿತಾ ಬಂದಳು, ತೆಂಗಿನಕಾಯಿ ಜಾಸ್ತಿ ಹಾಕಿದ ಸಾಂಬಾರು ಎರಡು ಸಲ ಬಡಿಸಿಕೊಂಡಳು. ಊಟವಾದ ಮೇಲೆ ನಟರಾಜರು ರಿಜಿಸ್ಟರ್ ಮುಂದಿಟ್ಟರು. “ಇಲ್ಲಿ ಹಾಕೂದಾ ಅಂಕಲ್?” ಎಂದು ಕೇಳಿ, ನಗು ತಡೆದುಕೊಂಡು ಸಹಿ ಹಾಕಿದಳು. ಭಾವೀ ಮಾವ ಅಕ್ಷರ ನೋಡಿ, “ಒಳ್ಳೆ ಸ್ಪಷ್ಟವಾಗಿದೆ,” ಎಂದರು. ಆಶೀರ್ವಾದವೆಂದರೆ ಅಷ್ಟೇ.

ಮೂರನೆಯ ವಾರ ಅಪರ್ಣಾ ರಜೆ ಹಾಕಿ ಕೊಚ್ಚಿಯಿಂದ ಬೆಳಗಿನ ರೈಲಿಗೆ ಬಂದಳು. ತಂಪಾನೂರಿನಲ್ಲಿ ಇಳಿದು ಆಟೋದಲ್ಲಿ ಮನೆಗೆ ಬಂದವಳು ಹಾಲ್‌ನಲ್ಲೇ ನಿಂತುಬಿಟ್ಟಳು. ಸಾಮಾನೆಲ್ಲ ಇದ್ದಲ್ಲೇ ಇತ್ತು, ಚೀಟಿ ಮಾತ್ರ ಜಾಸ್ತಿಯಾಗಿತ್ತು. ಫ್ಯಾನ್ ಹಾಕಿದರೆ ಇಡೀ ಮನೆ ಪಟಪಟ ಎನ್ನುತ್ತಿತ್ತು.

“ಅಮ್ಮ, ಇನ್ನು ಹತ್ತು ದಿನ ಇದೆ! ಪ್ಯಾಕ್ ಆಗಿರೋದು ಏನು?”

“ನನ್ನ ದಸರಾ ಬೊಂಬೆ ಟ್ರಂಕು. ಮೊದಲನೇ ದಿನಾನೇ ನಾನೇ ಕಟ್ಟಿಟ್ಟೆ. ಆಮೇಲೆ ಕಮಿಟಿ ಶುರುವಾಯ್ತು.”

ಮಧ್ಯಾಹ್ನ ಊಟಕ್ಕೆ ಕೂತಾಗ ಅಪರ್ಣಾ ತನ್ನ ಸುದ್ದಿ ಬಿಚ್ಚಿದಳು. ಗಂಡ ವಿನಾಯಕನಿಗೆ ಮಸ್ಕತ್ತಿಗೆ ವರ್ಗ, ಎರಡು ವರ್ಷ. ತನಗೆ ಇಲ್ಲಿ ಟೀಮ್ ದೊಡ್ಡದಾಗಿದೆ, ಮನೆಗೆ ಬರುವಾಗ ಎಂಟು ಗಂಟೆ. “ನೀನು ಕೆಳಗಿನ ಫ್ಲೋರಲ್ಲೇ ಇರ್ತೀಯಲ್ಲ ಅಮ್ಮ. ನಂಗೆ ಊಟದ ಟೆನ್ಷನ್ ಇಲ್ಲ ಇನ್ನು.”

ಪ್ರೇಮಮ್ಮ ಹುಳಿಯ ಸೌಟನ್ನು ಪಾತ್ರೆಗೆ ಟಣ್ಣನೆ ಬಿಟ್ಟರು. “ನೋಡಮ್ಮ, ಈಗಲೇ ಹೇಳ್ಬಿಡ್ತೀನಿ. ನಾನು ಅಲ್ಲಿಗೆ ಬರ್ತಿರೋದು ಲಿಫ್ಟಿಗೆ. ನಿನ್ನ ಅಡುಗೆಗಲ್ಲ.”

“ನಾನೇನು ದಿನಾ ಅಂದ್ನಾ?”

“ವಾರಕ್ಕೊಂದು ದಿನ ಅಂತ ಶುರುವಾಗುತ್ತೆ. ನಿಮ್ಮಪ್ಪಂಗೆ ಒಂದು ದಿನ ಮೇಲಕ್ಕೆ ಕಾಫಿ ತಂದ್ಕೊಟ್ಟೆ, ಕಾಲು ಉಳುಕಿದೆ ಪಾಪ ಅಂತ. ಆ ಉಳುಕು ಹೋಗಿ ಮೂವತ್ತೊಂದು ವರ್ಷ ಆಯ್ತು.”

ನಟರಾಜರು ಮಜ್ಜಿಗೆ ಸುರಿದುಕೊಂಡು ಶಾಂತವಾಗಿ, “ಉಳುಕು ಇಪ್ಪತ್ತು ದಿನಕ್ಕೇ ಹೋಯ್ತು,” ಎಂದರು.

ಅಪರ್ಣಾ ಸಂಜೆಯೊಳಗೆ ಎರಡು ಕಪಾಟು ಖಾಲಿ ಮಾಡಿ, ಅಪ್ಪನೊಡನೆ ಮೂರು ಸಲ ಜಗಳವಾಡಿ, ಕೊನೆಗೆ ಅಳುತ್ತ ರೈಲು ಹತ್ತಿದಳು. ಆದರೆ ಆಕೆಯ ಕೂಗಾಟದಿಂದ ಒಂದು ಕೆಲಸವಾಯಿತು. ಮಾರನೆಯ ದಿನದಿಂದ ವಿಕಾಸ ದಿನಾ ಸಂಜೆ ಬಂದು ಸಹಿ ಹಾಕತೊಡಗಿದ. ಅಶ್ರಫನ ಗಾಡಿ ಎರಡು ಸಲ ತುಂಬಿ ಹೋಯಿತು. ಪ್ರೇಮಮ್ಮ ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿಳಿದು, ರಾತ್ರಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವಾಗ ಲಿಫ್ಟಿನ ಬಾಗಿಲು ಮುಚ್ಚುವ ಸದ್ದನ್ನು ನೆನೆಸಿಕೊಳ್ಳುತ್ತಿದ್ದರು.

ಇಪ್ಪತ್ತನಾಲ್ಕನೆಯ ತಾರೀಕು ಗ್ರೇಸಿ ಫೋನು ಮಾಡಿದಳು. ಮಾತು ಮಲಯಾಳದಲ್ಲಿ, ಚುರುಕಾಗಿ. “ಪ್ರೇಮಾ ಚೇಚಿ, ವಕೀಲರು ಮನೆಯ ಮೂಲ ಕ್ರಯಪತ್ರ ಕೇಳ್ತಿದ್ದಾರೆ. ಕರಾರಿನ ದಿನ ಜೆರಾಕ್ಸ್ ತೋರಿಸಿದ್ದಿರಲ್ಲ, ಈಗ ಒರಿಜಿನಲ್ ಬೇಕು. ಅದಿಲ್ಲದೆ ಇಪ್ಪತ್ತೆಂಟಕ್ಕೆ ಆಗಲ್ಲ.”

ಪ್ರೇಮಮ್ಮ ಅಲ್ಮೇರಾ ತೆಗೆದರು. ಕ್ರಯಪತ್ರ ಇರುತ್ತಿದ್ದ ಕಂದು ಲಕೋಟೆ ಇರಲಿಲ್ಲ.

ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು. “ರೀ, ಮನೆ ಪತ್ರ ಎಲ್ಲಿಟ್ರಿ?”

“ರಿಜಿಸ್ಟರ್ ನೋಡು,” ಎಂದು ಮೇಲಿನಿಂದ ಉತ್ತರ ಬಂತು.

“ಆ ರಿಜಿಸ್ಟರಿಗಿಷ್ಟು ಬೆಂಕಿ ಹಾಕ! ಪತ್ರ ಎಲ್ಲಿ ಅಂತ ಕೇಳಿದ್ರೆ!”

“ಅದನ್ನೇ ಹೇಳ್ತಿರೋದು. ರಿಜಿಸ್ಟರಲ್ಲಿ ಇದೆ.”

ಉಪ್ಪಿನ ಡಬ್ಬಿ ಎಲ್ಲಿ ಎಂದರೂ ಒಂದು ತಿಂಗಳಿಂದ ಇದೇ ಉತ್ತರ. ಪ್ರೇಮಮ್ಮ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹಾಸಿಗೆ ಕೆಳಗೆ ನೋಡಿದರು, ಅಟ್ಟಕ್ಕೆ ವಿಕಾಸನನ್ನು ಹತ್ತಿಸಿದರು, ಅಶ್ರಫನಿಗೆ ಫೋನು ಮಾಡಿ ಹೋದ ಮೂಟೆಗಳನ್ನೆಲ್ಲ ಬಿಚ್ಚಿಸಿದರು. ಪಾಪ, ಅವನು ಒಂದು ಇಡೀ ಮಧ್ಯಾಹ್ನ ಕೂತು ಹುಡುಕಿ, “ಇಲ್ಲ ಅಮ್ಮಾ. ವಿಕಾಸ್ ಸರ್‌ದು ಎಂಟನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಉಂಟು, ಕಳಿಸೂದಾ? ಗಣಿತದಲ್ಲಿ ಫೇಲು,” ಎಂದ.

ಮೂಲ ಪತ್ರ ಕಳೆದರೆ ಪೊಲೀಸರಿಗೆ ಬರೆದು ಕೊಡಬೇಕು, ಪೇಪರಿನಲ್ಲಿ ಹಾಕಿಸಬೇಕು, ನಕಲು ತೆಗೆಸಬೇಕು, ತಿಂಗಳುಗಟ್ಟಲೆ ಆಗಬಹುದು ಎಂದು ವಕೀಲರು ಹೇಳಿದರಂತೆ. ಎಡಪ್ಪಳ್ಳಿಯ ಮಾಲೀಕನಿಗೆ ಬೇರೆ ಗಿರಾಕಿ ಸಿಕ್ಕಿದ್ದಾನೆ ಎಂದು ಅಪರ್ಣಾ ಹೇಳಿದಳು. ಪ್ರೇಮಮ್ಮನಿಗೆ ಎರಡು ದಿನ ಅನ್ನ ಸೇರಲಿಲ್ಲ. ನಟರಾಜರು ಮಾತ್ರ ಹೊತ್ತು ಹೊತ್ತಿಗೆ ಉಂಡು, ಒಮ್ಮೆಯೂ ಹುಡುಕದೆ ಮೇಲೆ ಕೂತಿದ್ದರು.

“ನೀವೂ ಸ್ವಲ್ಪ ಹುಡುಕಬಾರದಾ?”

“ನಾನ್ಯಾಕೆ ಹುಡುಕಲಿ? ರಿಜಿಸ್ಟರ್ ನೋಡು.”

ಇಪ್ಪತ್ತಾರರ ಬೆಳಿಗ್ಗೆ ಪ್ರೇಮಮ್ಮ ಗಾಜಿನ ಲೋಟ ಸುತ್ತಿಡಲು ಪೇಪರು ಹುಡುಕಿದರು. ಅದರ ಕಟ್ಟುಗಳಿಗೆ ಇನ್ನೂ ಹಳದಿ ಚೀಟಿಯಿತ್ತು, ಮುಟ್ಟುವಂತಿರಲಿಲ್ಲ. ಅವರ ಪಿತ್ತ ನೆತ್ತಿಗೇರಿತು. ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದರು. ನಟರಾಜರು ಕ್ಷೌರಕ್ಕೆ ಹೋಗಿದ್ದರು. ಮೇಜಿನ ಮೇಲೆ ನೀಲಿ ರಿಜಿಸ್ಟರು. ಇದೇ ಹಾಳೆ ಹರಿದು ಲೋಟ ಸುತ್ತುತ್ತೇನೆ, ಏನು ಮಾಡಿಕೊಳ್ಳುತ್ತಾರೋ ನೋಡೋಣ ಎಂದು ಎತ್ತಿಕೊಂಡು ಕೆಳಗೆ ಬಂದು, ನಡುವೆ ಎಲ್ಲೋ ತೆರೆದು ಹಾಳೆ ಹಿಡಿದರು. ಹರಿಯುವ ಮೊದಲು ಕಣ್ಣು ಒಂದು ಸಾಲಿನ ಮೇಲೆ ಬಿತ್ತು. ‘ತೇಗದ ಮಂಚ. ಪಡೆದವರು: ಜೀವಿತಾ’. ಹುಡುಗಿಯ ದುಂಡು ಸಹಿ. ಸಿಟ್ಟಿನಲ್ಲೂ ನಗು ಬಂತು. ಕೆಳಗಿನ ಸಾಲು ಓದಿದರು. ಅದರ ಕೆಳಗಿನದನ್ನೂ ಓದಿದರು.

‘ಕ್ರಮ ಸಂಖ್ಯೆ ೨೧೪. ಮನೆಯ ಮೂಲ ಕ್ರಯಪತ್ರ, ಒಂದು. ಸ್ಥಿತಿ: ಚೆನ್ನಾಗಿದೆ. ಇರುವ ಜಾಗ: ಪ್ರೇಮಳ ಬೊಂಬೆ ಟ್ರಂಕು, ರಾಜ ರಾಣಿ ನಡುವೆ. ಇಟ್ಟವರು: ನಟರಾಜ. ತೀರ್ಮಾನ: ಹೋಲ್ಡ್. ಕಾರಣ:’

ಕಾರಣದ ಕಾಲಂ ಖಾಲಿ. ಆ ರಿಜಿಸ್ಟರಿನ ಅಷ್ಟೂ ಹಾಳೆಯಲ್ಲಿ ಖಾಲಿ ಬಿಟ್ಟ ಜಾಗ ಅದೊಂದೇ.

ಟ್ರಂಕಿನ ಹಗ್ಗ ಬಿಚ್ಚಿದರು. ತಮ್ಮದೇ ಹಳೆಯ ಸೀರೆಯಲ್ಲಿ ಸುತ್ತಿದ್ದ ಪಟ್ಟದ ಬೊಂಬೆಗಳ ನಡುವೆ ಕಂದು ಲಕೋಟೆ, ಅದಕ್ಕೆ ನೀಟಾಗಿ ಕಟ್ಟಿದ ಹಳದಿ ಚೀಟಿ.

ನಟರಾಜರು ಹೊಸ ಕ್ಷೌರದ ತಲೆ ಸವರಿಕೊಳ್ಳುತ್ತ ಒಳಗೆ ಬಂದಾಗ ಪ್ರೇಮಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಒಂದು ಕೈಯಲ್ಲಿ ಲಕೋಟೆ, ಇನ್ನೊಂದರಲ್ಲಿ ರಿಜಿಸ್ಟರು. ವಿಕಾಸ ಫೋನು ಕರೆಗೆ ಓಡಿಬಂದು ಗೋಡೆಗೆ ಒರಗಿ ನಿಂತಿದ್ದ.

“ಸುಳ್ಳು ಹೇಳಿದ್ರಿ ನನಗೆ.”

“ಇಲ್ಲ. ಎಲ್ಲಿ ಅಂತ ಕೇಳ್ದೆ, ರಿಜಿಸ್ಟರ್ ನೋಡು ಅಂದೆ. ನೀನು ನೋಡಲಿಲ್ಲ.”

“ಬಚ್ಚಿಟ್ಟಿದ್ದು ಯಾಕೆ? ಇಲ್ಲೇನೂ ಬರೆದಿಲ್ಲ. ಈ ಮನುಷ್ಯ ಬಕೆಟ್ಟಿನ ಸೀಳು ಎಷ್ಟಿದೆ ಅಂತ ಬರೆದೋರು, ಇದಕ್ಕೆ ಯಾಕೆ ಬರೀಲಿಲ್ಲ?”

ನಟರಾಜರು ಆಕೆಗಿಂತ ಎರಡು ಮೆಟ್ಟಿಲು ಮೇಲೆ ಕೂತರು.

“ಇಲ್ಲಿ ಕಟಿಂಗ್ ಮಾಡೋ ಮೋಹನಂಗೆ ನಾನು ಏನೂ ಹೇಳಬೇಕಿಲ್ಲ. ಹೋಗಿ ಕೂತ್ರೆ ಸಾಕು, ಅವನಿಗೆ ಗೊತ್ತು. ಹಾಲಿನಂಗಡಿಯವನಿಗೆ ಗೊತ್ತು, ಔಷಧಿ ಅಂಗಡಿಯವನಿಗೆ ಗೊತ್ತು. ಕೊಚ್ಚಿಗೆ ಹೋದ್ರೆ ಎಲ್ಲಾ ಹೊಸಬರು. ನಂಗೆ ಭಾಷೆ ಬರಲ್ಲ. ಈ ವಯಸ್ಸಲ್ಲಿ ಒಂದು ಕಟಿಂಗಿಗೂ ನಿನ್ನ ಕರ್ಕೊಂಡು ಹೋಗಬೇಕಾ? ಅದನ್ನ ಹೇಗೆ ಬರೀಲಿ ಕಾಲಂನಲ್ಲಿ?”

“ತಲೆಯಲ್ಲಿ ಇರೋದು ನಾಲ್ಕು ಕೂದಲು!” ಪ್ರೇಮಮ್ಮನ ಗಂಟಲು ಏರಿತು. “ಆ ನಾಲ್ಕು ಕೂದಲಿಗೋಸ್ಕರ ನನ್ನ ಎರಡು ಮಂಡಿನಾ? ಮೂವತ್ತೆಂಟು ವರ್ಷ ಇತ್ತು ರೀ ಭಾಷೆ ಕಲಿಯೋಕೆ! ನಾನು ಎರಡು ಮಕ್ಕಳನ್ನ ಕಂಕುಳಲ್ಲಿ ಇಟ್ಕೊಂಡು ಮೀನು ಮಾರೋಳ ಹತ್ರ ಕಲ್ತೆ. ನಿಮಗೇನಾಗಿತ್ತು?”

“ನೀನಿದ್ದೆಯಲ್ಲ,” ಎಂದರು ನಟರಾಜರು.

ಆ ಮಾತಿಗೆ ಪ್ರೇಮಮ್ಮನ ಸಿಟ್ಟು ಇನ್ನೂ ಜಾಸ್ತಿಯಾಯಿತು. ರಿಜಿಸ್ಟರು ಗಂಡನ ತೊಡೆಯ ಮೇಲೆ ಎಸೆದರು.

“ಹೋಲ್ಡ್ ತೆಗೀರಿ. ನಾಳಿದ್ದು ಗ್ರೇಸಿ ಬರ್ತಾಳೆ.”

“ಮೂರು ಸಹಿ ಬೇಕು.”

“ಹಾಕ್ತೀವಿ. ವಿಕಾಸ, ಹಾಕೋ!” ವಿಕಾಸ ಹಾಕಿದ. ಪ್ರೇಮಮ್ಮನೂ ಹಾಕಿದರು, ಹಾಳೆ ಹರಿಯುವಷ್ಟು ಒತ್ತಿ.

ನಟರಾಜರು ಪೆನ್ನು ಹಿಡಿದು ತಡೆದರು. “ಹೋಲ್ಡ್ ತೆಗೆಯೋಕೂ ಕಾರಣ ಬರೀಬೇಕು.”

“ಮೆಟ್ಟಿಲು ಅಂತ ಬರೀರಿ. ಹದಿನಾರು ಮೆಟ್ಟಿಲು.”

ಅವರು ‘ಮೆಟ್ಟಿಲು’ ಎಂದು ಬರೆದರು. ಪೆನ್ನು ಮತ್ತೆ ನಿಂತಿತು.

“ಹದಿನೇಳು.”

“ಏನು?”

“ಹದಿನೇಳು ಮೆಟ್ಟಿಲು. ತೀರಾ ಕೆಳಗಿನದು ಅರ್ಧ ಎತ್ತರದ್ದು, ಮೇಸ್ತ್ರಿ ಅಳತೆ ತಪ್ಪಿದ್ದ. ನೀನು ಅದನ್ನ ಲೆಕ್ಕಕ್ಕೆ ಹಿಡಿಯಲ್ಲ. ಅಲ್ಲೇ ನಿನ್ನ ಎಡಗಾಲು ತಡವರಿಸೋದು. ಇತ್ತೀಚೆಗೆ ಎಂಟನೇದ್ರಲ್ಲಿ ಒಂದ್ಸಲ ನಿಲ್ತೀಯ, ಹನ್ನೆರಡನೇದ್ರಲ್ಲಿ ಒಂದ್ಸಲ.”

‘ಹದಿನೇಳು’ ಎಂದು ಬರೆದು, ಕೆಳಗೆ ತಮ್ಮ ಸಹಿ ಹಾಕಿ, ತಾರೀಕು ನಮೂದಿಸಿದರು.

ಪ್ರೇಮಮ್ಮ ಅವರನ್ನೇ ದಿಟ್ಟಿಸಿ ನೋಡಿದರು.

“ಹದಿನೇಳು ಅಂತ ಗೊತ್ತಿತ್ತು. ಎಲ್ಲೆಲ್ಲಿ ನಿಲ್ತೀನಿ ಅಂತಾನೂ ಗೊತ್ತಿತ್ತು. ಮೇಲೆ ಕೂತು ಲೆಕ್ಕ ಹಾಕಿದ್ರಿ. ಗೊತ್ತಿದ್ದೂ ಮೂವತ್ತೊಂದು ವರ್ಷ ಕಾಫಿ ಮೇಲಕ್ಕೆ ತರಿಸ್ಕೊಂಡ್ರಲ್ಲ ರೀ!”

ನಟರಾಜರು ಪೆನ್ನಿಗೆ ಮುಚ್ಚಳ ಹಾಕಿ, ರಿಜಿಸ್ಟರು ಮುಚ್ಚಿಕೊಂಡು ಮೇಲಕ್ಕೆ ಹೋದರು.

ಲಕೋಟೆಯ ಹಳದಿ ಚೀಟಿಯನ್ನು ಕಿತ್ತು ವಿಕಾಸನ ಕೈಗೆ ಕೊಟ್ಟು, ಪ್ರೇಮಮ್ಮ ಗ್ರೇಸಿಗೆ ಫೋನು ಮಾಡಿದರು. ಪತ್ರ ಸಿಕ್ಕಿತು ಎಂದರು, ಎಲ್ಲಿ ಎಂದು ಹೇಳಲಿಲ್ಲ. ಆಮೇಲೆ ಪೇಪರಿನ ಕಟ್ಟು ಬಿಚ್ಚಿ, ಯಾರನ್ನೂ ಕೇಳದೆ, ಲೋಟಗಳನ್ನು ಒಂದೊಂದಾಗಿ ಸುತ್ತಿಟ್ಟರು.

ನಾಲ್ಕು ಗಂಟೆಗೆ ಕಾಫಿ ಬೆರೆಸಿದರು. ಲೋಟವನ್ನು ತೆಗೆದುಕೊಂಡು ಹೋಗಿ, ಆ ಅರ್ಧ ಎತ್ತರದ ಮೆಟ್ಟಿಲ ಮೇಲೆ ಇಟ್ಟು ಕೂಗಿದರು.

“ಕಾಫಿ ಇಟ್ಟಿದೀನಿ. ಹದಿನಾರು ಇಳೀರಿ, ಹದಿನೇಳನೇದ್ರಲ್ಲಿದೆ.”

ಮೇಲೆ ಕುರ್ಚಿ ಸರಿದ ಸದ್ದಾಯಿತು.